ಡ್ಯಾನ್ಯೂಬ್‌ಗೆ ತಾಲೀಮು

ಬೆಂಗಳೂರಿನ ವಿಜಯನಗರದ ರಾಗಿಣಿ ಇಂದಿನವರೆಗೂ ಸಮುದ್ರ ದಾಟಿದವಳಲ್ಲ. ಆದರೆ ಪ್ಯಾರಿಸ್ಸಿನ ಯಾವ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತಲೇಬೇಕು, ರೋಮಿನ ಯಾವ ಬೀದಿಯಲ್ಲಿ ಕುಡಿಯುವ ನೀರಿನ ನಲ್ಲಿ ಇದೆ ಎಂದು ಕೇಳಿದರೆ ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ಹೇಳಿಬಿಡುತ್ತಾಳೆ. ರಾಜಾಜಿನಗರದ ಒಂದು ಟ್ರಾವೆಲ್ ಆಫೀಸಿನ ಟಿಕೆಟ್ ಕೌಂಟರಿನ ಹಿಂದೆ ಕೂತೇ ಕೂದಲು ನರೆಸಿಕೊಂಡವಳು. ಕೊರೊನಾ ಕಾಲದಲ್ಲಿ ಆ ಆಫೀಸು ಬಾಗಿಲು ಹಾಕಿದಾಗ, ತನ್ನ ಮನೆಯ ಎರಡನೇ ಮಹಡಿಯ ರೂಮಿನಲ್ಲಿ ಒಂದು ಕಂಪ್ಯೂಟರು, ನಾಲ್ಕು ಕುರ್ಚಿ ಹಾಕಿಕೊಂಡು ಸ್ವಂತ ಕೆಲಸ ಶುರುಮಾಡಿದಳು. ಗುಂಪು ಕಟ್ಟಿಕೊಂಡು, ಬಾವುಟ ಹಿಡಿದವನ ಹಿಂದೆ ಓಡುವ ಟೂರುಗಳೆಂದರೆ ಅವಳಿಗೆ ಆಗುವುದಿಲ್ಲ. ರಿಟೈರ್ ಆದ ಗಂಡ ಹೆಂಡತಿ ತಮ್ಮ ಪಾಡಿಗೆ ತಾವು ಹೋಗಿ ಬರಬೇಕು. ಅಂಥವರಿಗೆ ಮಾತ್ರ ಅವಳು ಪ್ಲಾನು ಹಾಕಿಕೊಡುವುದು.

ಈ ಕೆಲಸಕ್ಕೆ ಅವಳೇ ಮಾಡಿಕೊಂಡ ಒಂದು ಕಟ್ಟಳೆಯಿದೆ. ಅದರ ಹೆಸರು ತಾಲೀಮು. ಅಲ್ಲಿ ಹೋಗಿ ಎಷ್ಟು ನಡೆಯಬೇಕೋ ಅಷ್ಟನ್ನು ಹೊರಡುವ ಮೊದಲು ಇಲ್ಲಿ ನಡೆದು ತೋರಿಸಬೇಕು. ಕಿಲೋಮೀಟರ್ ಲೆಕ್ಕ ತಲೆಗೆ ತಿಳಿಯುತ್ತದೆ, ಕಾಲಿಗೆ ತಿಳಿಯುವುದಿಲ್ಲ ಎಂಬುದು ಅವಳ ವಾದ. ಮೊದಮೊದಲು ಕಳಿಸಿದ ಗಿರಾಕಿಯೊಬ್ಬರು ರೋಮಿನ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತು, ಅಲ್ಲಿಂದಲೇ ಫೋನ್ ಮಾಡಿ ಅವಳಿಗೆ ಸಹಸ್ರನಾಮಾರ್ಚನೆ ಮಾಡಿದ್ದರು. ಅಂದಿನಿಂದ ಯುರೋಪಿನ ದೂರವನ್ನೆಲ್ಲ ಅವಳು ವಿಜಯನಗರದ ಅಳತೆಗೆ ಇಳಿಸಿಬಿಟ್ಟಳು. ಹೋಟೆಲಿನಿಂದ ಮ್ಯೂಸಿಯಂ ಎಷ್ಟು ದೂರ ಎಂದು ಕೇಳಿದರೆ, ಮಾರುತಿ ಮಂದಿರದಿಂದ ಬಸ್ ಸ್ಟ್ಯಾಂಡಿನಷ್ಟು ಎನ್ನುವಳು. ಹೊಸ ಶೂ ಹಾಕಿಸಿ, ಸಂಜೆ ಹೊತ್ತು ಅವರನ್ನು ಕರೆದುಕೊಂಡು ತಾನೂ ಜೊತೆಗೆ ನಡೆಯುವಳು. ಲಂಡನ್ ನೋಡುವ ಮೊದಲೇ ಅತ್ತಿಗುಪ್ಪೆ ನೋಡಿ ಸುಸ್ತಾದವರೂ ಇದ್ದರು.

ಗಂಡ ಗಿರಿರಾಜ್ ನಾಯಂಡಹಳ್ಳಿಯಲ್ಲಿ ಲೇತ್ ಮಷೀನ್ ಇಟ್ಟುಕೊಂಡಿರುವವನು. “ನಿಂದು ಟ್ರಾವೆಲ್ಸೋ, ಪೊಲೀಸ್ ಪರೇಡೋ?” ಎಂದು ರೇಗಿಸುತ್ತಿದ್ದ. ರಾಗಿಣಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಾನು ಹಾಕಿದ ಪ್ಲಾನು ಇದುವರೆಗೆ ಒಂದೂ ಕ್ಯಾನ್ಸಲ್ ಆಗಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಇಂಥ ಹೆಮ್ಮೆಗೆ ದೃಷ್ಟಿ ತಾಗುತ್ತದೆ ಎಂದು ಅವಳ ಅಮ್ಮ ಹೇಳುತ್ತಿದ್ದುದುಂಟು. ಅಂಬುಜಾ ಮಿಸ್ ಬರುವವರೆಗೆ ರಾಗಿಣಿ ಅದನ್ನು ನಂಬಿರಲಿಲ್ಲ.

ಅಂಬುಜಾ ಮಿಸ್ ಅವಳಿಗೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಟ್ಟವರು. ರಿಟೈರ್ ಆಗಿ ಬಸವೇಶ್ವರನಗರದಲ್ಲಿದ್ದರು. ಸಂಕ್ರಾಂತಿ ಮುಗಿದ ವಾರ ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು, ಗಂಡ ವೆಂಕಟಗಿರಿಯವರ ಜೊತೆ ಬಂದರು. ಮಿಸ್ ಬಂದು ಕೂತು, ನೀರು ಕುಡಿದು, ಗೋಡೆಯ ಮೇಲಿನ ಭೂಪಟದಲ್ಲಿ ಗ್ರೀಸ್ ಅನ್ನು ಬೆರಳಿಟ್ಟು ನೋಡಿ ಮುಗಿಸಿದ ಮೇಲೆ ವೆಂಕಟಗಿರಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಕೆಳಗೆ ಯಾರೋ ಪರಿಚಯದವರು ಸಿಕ್ಕಿದರು, ಮಾತಾಡುತ್ತಾ ನಿಂತೆ ಎಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ, ಇಸ್ತ್ರಿ ಷರಟಿನ, ನಗುಮುಖದ ಮನುಷ್ಯ. ಪರಿಚಯದವರಿಗೇನು ಬರ, ರಾಗಿಣಿ ನಂಬಿದಳು.

“ಡ್ಯಾನ್ಯೂಬ್ ನೋಡ್ಬೇಕು ಕಣೇ,” ಎಂದರು ಮಿಸ್. “ವರ್ಷಗಟ್ಲೆ ಬೋರ್ಡ್ ಮೇಲೆ ನೀಲಿ ಚಾಕ್‌ಪೀಸಲ್ಲಿ ಬರ್ದು ನಿಮಗೆಲ್ಲಾ ತೋರ್ಸಿದೀನಿ. ಒಂದ್ಸಲ ಆ ನೀರಿಗೆ ಕೈ ಅದ್ದಬೇಕು. ಒಂದೇ ವಾರ ಸಾಕು. ವಿಯೆನ್ನಾ, ಆಮೇಲೆ ಬುಡಾಪೆಸ್ಟ್. ಏಪ್ರಿಲ್ ತಿಂಗಳು, ಅಲ್ಲಿ ಗಿಡ ಮರ ಎಲ್ಲಾ ಹೂ ಬಿಡೋ ಹೊತ್ತಿಗೆ.”

“ವಿಯೆನ್ನಾದಲ್ಲಿ ನದಿ ಊರಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ ಮಿಸ್. ಬುಡಾಪೆಸ್ಟಲ್ಲಾದ್ರೆ ಊರ ಮಧ್ಯಾನೇ ಹರಿಯುತ್ತೆ. ಅಲ್ಲಿ ಸೇತುವೆ ಮೇಲೇ ನಡೀಬಹುದು.”

“ನನಗೇ ಪಾಠ ಹೇಳ್ತಾಳೆ ನೋಡ್ರೀ ಇವಳು,” ಎಂದು ಮಿಸ್ ಗಂಡನ ಕಡೆ ತಿರುಗಿದರು. ಅವರ ಮುಖ ಹುಡುಗಿಯರ ಮುಖದಷ್ಟು ಅರಳಿತ್ತು.

ವೆಂಕಟಗಿರಿಯವರು ಹಳೆಯ ಕಥೆಯನ್ನು ತಮಾಷೆಯಾಗಿ ಹೇಳಿದರು. ಮದುವೆಯಾದ ಹೊಸದರಲ್ಲಿ ಕಾಶ್ಮೀರಕ್ಕೆ ಟಿಕೆಟ್ ಮಾಡಿಸಿದ್ದರಂತೆ. ಅವರ ಅಪ್ಪ ಪಾರ್ಶ್ವವಾಯು ಬಂದು ಮಲಗಿದರು. ಆಮೇಲೆ ನೇಪಾಳ, ಅಷ್ಟು ಹೊತ್ತಿಗೆ ಅವರ ಅಮ್ಮ ಹಾಸಿಗೆ ಹಿಡಿದಿದ್ದರು. ಮಕ್ಕಳಿಲ್ಲದ ಮನೆ, ನೋಡಿಕೊಳ್ಳಲು ಮಿಸ್ ಒಬ್ಬರೇ. ಅಮ್ಮ ಹೋದ ಮೇಲೆ ಸಿಂಗಾಪುರ ಎಂದುಕೊಂಡರೆ, ಮದುವೆಯಾಗದೆ ಉಳಿದಿದ್ದ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟವು. ಪ್ರತಿ ಸಲವೂ ಎಲ್ಲರೂ ಮಿಸ್‌ಗೆ ಹೇಳಿದ ಮಾತು ಒಂದೇ, ಮುಂದಿನ ವರ್ಷ ಹೋದರಾಯಿತು. ಈಗ ಮನೆಯಲ್ಲಿ ಹಾಸಿಗೆ ಹಿಡಿಯಲು ಯಾರೂ ಉಳಿದಿಲ್ಲ ಎಂದು ವೆಂಕಟಗಿರಿಯವರು ನಕ್ಕರು. ಮಿಸ್ ನಗಲಿಲ್ಲ. ಎಳ್ಳುಬೆಲ್ಲದ ಪೊಟ್ಟಣವನ್ನು ಬಿಚ್ಚಿ ರಾಗಿಣಿಯ ಕೈಗೆ ಹಾಕಿದರು.

ಮೊದಲ ತಾಲೀಮು ಮಾರುತಿ ಮಂದಿರದಿಂದ ಅತ್ತಿಗುಪ್ಪೆ ಮೆಟ್ರೋವರೆಗೆ ಎಂದು ಗೊತ್ತಾಯಿತು. ವಿಯೆನ್ನಾದಲ್ಲಿ ಅರಮನೆಯ ತೋಟ ಸುತ್ತಿ ಬರಲು ಸುಮಾರು ಅಷ್ಟಾಗುತ್ತದೆ ಎಂದು ರಾಗಿಣಿಯ ಲೆಕ್ಕ. ಮಿಸ್ ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು ಬಂದಿದ್ದರು. ಸಂಜೆಯ ಜನಜಂಗುಳಿಯಲ್ಲಿ ಸರಸರ ಮುಂದೆ ನಡೆದರು. ವೆಂಕಟಗಿರಿಯವರು ಹಿಂದೆ. ಸ್ವಲ್ಪ ದೂರಕ್ಕೆ ಅವರು ಸ್ಟೀಲ್ ಪಾತ್ರೆಯ ಅಂಗಡಿಯ ಮುಂದೆ ನಿಂತು ಕೊಳದಪ್ಪಲೆಗಳನ್ನು ನೋಡಿದರು. ಇನ್ನೊಂದಿಷ್ಟು ದೂರಕ್ಕೆ ಸೀರೆ ಅಂಗಡಿ. ಆಮೇಲೆ ಚಪ್ಪಲಿ ಅಂಗಡಿ. ಆಮೇಲೆ ಹೆಂಗಸರ ನೈಟಿ ನೇತುಹಾಕಿದ್ದ ಅಂಗಡಿ.

“ಏನ್ರೀ ಅದು, ಕಂಡ ಕಂಡ ಅಂಗಡಿ ಮುಂದೆಲ್ಲಾ!” ಎಂದು ಮಿಸ್ ಮುಂದಿನಿಂದಲೇ ಕೂಗಿದರು. “ನೈಟಿ ನೀವು ಹಾಕ್ಕೋತೀರಾ?”

ರಾಗಿಣಿಗೂ ನಗು ಬಂತು. ಕೆಲವು ಗಂಡಸರಿಗೆ ರಿಟೈರ್ ಆದ ಮೇಲೆ ಅಂಗಡಿ ನೋಡುವ ಚಟ ಹತ್ತುತ್ತದೆ. ಆದರೆ ಅತ್ತಿಗುಪ್ಪೆ ಹತ್ತಿರವಾದಾಗ ಅವರು ಮತ್ತೆ ನಿಂತರು. ಎದುರಿಗಿದ್ದುದು ಯಾವಾಗಲೋ ಮುಚ್ಚಿಹೋದ ಅಂಗಡಿ. ಷಟರ್ ಎಳೆದಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು, ನೋಡುವುದಕ್ಕೆ ಒಂದು ಬೋರ್ಡು ಕೂಡ ಇರಲಿಲ್ಲ. ಆ ಬೋಳು ತಗಡನ್ನು ವೆಂಕಟಗಿರಿಯವರು ಸೀರೆ ನೋಡಿದಷ್ಟೇ ಗಮನವಿಟ್ಟು ನೋಡುತ್ತಿದ್ದರು. ಒಂದು ಕೈ ಷಟರ್ ಮೇಲಿತ್ತು. ಇನ್ನೊಂದು ಕೈಯಿಂದ ಏನನ್ನೋ ಬಾಯಿಗೆ ಹಾಕಿಕೊಂಡರು. ಮಾಘ ಮಾಸದ ತಣ್ಣನೆ ಸಂಜೆಯಲ್ಲಿ ಅವರ ಕತ್ತಿನ ಹಿಂಭಾಗ ಬೆವರಿ ಷರಟಿನ ಕಾಲರ್ ಒದ್ದೆಯಾಗಿತ್ತು. ರಾಗಿಣಿಗೆ ಹಳೆಯದೊಂದು ನೆನಪಾಯಿತು. ಟಿಕೆಟ್ ಕೌಂಟರಿನಲ್ಲಿದ್ದಾಗ ಅವಳ ಮ್ಯಾನೇಜರ್ ಒಬ್ಬರು ಹೀಗೇ ನಡುನಡುವೆ ನಿಂತು ನಿಂತು ಮೆಟ್ಟಿಲು ಹತ್ತುತ್ತಿದ್ದರು; ಒಂದು ಬೆಳಿಗ್ಗೆ ಮೆಟ್ಟಿಲ ಮೇಲೇ ಮುಗಿದುಹೋದರು.

ಎರಡು ದಿನದ ನಂತರ ಪಾಸ್‌ಪೋರ್ಟ್ ಜೆರಾಕ್ಸ್ ಕೊಡಲು ವೆಂಕಟಗಿರಿಯವರು ಒಬ್ಬರೇ ಬಂದರು. ಅವರಿಗೆ ಉಸಿರು ಸರಿಹೋಗುವವರೆಗೆ ರಾಗಿಣಿ ಕಾದಳು.

“ಸಾರ್, ಎದೆ ನೋವು ಯಾವಾಗಿಂದ?”

ಅವರು ಸುಳ್ಳು ಹೇಳಲು ಬಾಯಿ ತೆರೆದರು. ಅವಳ ಮುಖ ನೋಡಿ ಕೈಬಿಟ್ಟರು.

“ದಸರಾದಿಂದ. ನಡೆದ್ರೆ ಹಿಡ್ಕೊಳ್ಳತ್ತೆ, ನಿಂತ್ರೆ ಬಿಡತ್ತೆ. ನಾಲಿಗೆ ಕೆಳಗಿಡೋ ಮಾತ್ರೆ ಕೊಟ್ಟಿದಾರೆ. ಆಂಜಿಯೋಗ್ರಾಂ ಮಾಡಿಸ್ಲೇಬೇಕು ಅಂದಿದಾರೆ ಡಾಕ್ಟ್ರು. ಮಾಡಿಸ್ತೀನಮ್ಮ, ಬೇಡ ಅಂದಿಲ್ಲ. ಹೋಗಿ ಬಂದ್ಮೇಲೆ ಮಾಡಿಸ್ತೀನಿ.”

“ಹೋಗಿ ಬಂದ್ಮೇಲೆ ಅಂದ್ರೆ ಸಾರ್? ಬರದೇ ಹೋದ್ರೆ?”

“ಅಲ್ಲಮ್ಮ, ಯೋಚನೆ ಮಾಡು,” ಎಂದು ಅವರು ಮುಂದಕ್ಕೆ ಬಾಗಿದರು. ಕಣ್ಣಲ್ಲಿ ನೀರಿತ್ತು. “ಅವಳ ಮೂರು ಪ್ರಯಾಣ ನಮ್ಮನೆಯವರ ಕಾಯಿಲೆಗೆ ಹೋಯ್ತು. ನಾಲ್ಕನೇದು ನನ್ನಿಂದಾನೇ ಹೋಗ್ಬೇಕಾ? ಅವಳಿಗೆ ಹೇಳಿದ್ರೆ ಅಷ್ಟೇ, ಆ ಕ್ಷಣಕ್ಕೇ ಮುಗೀತು. ನೀನು ಅವಳ ಹತ್ರ ಓದಿದ ಹುಡುಗಿ. ಕೈ ಮುಗೀತೀನಿ, ಹೇಳ್ಬೇಡ. ಕೂತ್ಕೊಂಡು ಕೂತ್ಕೊಂಡು ಹೋಗೋ ಹಾಗೆ ಏನಾದ್ರೂ ಪ್ಲಾನ್ ಮಾಡ್ಕೊಡು.”

ರಾಗಿಣಿ ಆಗಲೇ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅರ್ಧ ಅವರ ಕಣ್ಣೀರು ನೋಡಿ, ಇನ್ನರ್ಧ ತನ್ನ ಹೆಮ್ಮೆಗಾಗಿ. ಕ್ಯಾನ್ಸಲ್ ಮಾಡುವುದು ಯಾರು ಬೇಕಾದರೂ ಮಾಡುತ್ತಾರೆ, ಇಂಥವರನ್ನೂ ಕ್ಷೇಮವಾಗಿ ಕಳಿಸಿ ಕರೆತರುವಂಥ ಪ್ಲಾನು ಹಾಕಿದರಲ್ಲವೇ ಹೆಚ್ಚುಗಾರಿಕೆ ಎಂದು ಅವಳ ತಲೆ ಆಗಲೇ ಓಡತೊಡಗಿತ್ತು.

ಕೂತು ಕೆಲಸ ಮಾಡಿದಳು. ವಿಯೆನ್ನಾದಲ್ಲಿ ಟ್ರ್ಯಾಮ್ ಸ್ಟಾಪಿಗೆ ಅಂಟಿಕೊಂಡಂತಿರುವ ಹೋಟೆಲ್ ಹುಡುಕಿದಳು. ಅರಮನೆಯ ತೋಟದಲ್ಲಿ ಏರು ಹತ್ತುವುದನ್ನು ತೆಗೆದುಹಾಕಿ, ಹೂವಿನ ಮಡಿಗಳ ನಡುವೆ ಬೆಂಚಿರುವ ದಾರಿಯನ್ನಷ್ಟೇ ಉಳಿಸಿದಳು. ಬುಡಾಪೆಸ್ಟಿನ ಕೋಟೆಗುಡ್ಡಕ್ಕೆ ಹಳಿ ಮೇಲೆ ಏರುವ ಪುಟ್ಟ ಬಂಡಿಯಿತ್ತು. ಕಂಪ್ಯೂಟರಿನಲ್ಲಿ ಒಂದೊಂದು ಬೀದಿಯ ಚಿತ್ರ ತೆರೆದು, ಎಲ್ಲೆಲ್ಲಿ ಕೂರಲು ಜಾಗವಿದೆ ಎಂದು ಗುರುತು ಹಾಕುತ್ತಾ ಹೋದಳು. ಬೆಂಚು, ಕಟ್ಟೆ, ಕಾಫಿ ಅಂಗಡಿಯ ಕುರ್ಚಿ. ಎಲ್ಲೆಡೆ ಏಪ್ರಿಲ್ಲಿನ ಬಿಸಿಲು, ನೇರಳೆ ಬಣ್ಣದ ಹೂಗೊಂಚಲು. ಆದರೆ ಮೂರ್ನಾಲ್ಕು ದಿನ ಕಳೆಯುವ ಹೊತ್ತಿಗೆ ಅವಳಿಗೆ ಆ ಬೆಂಚುಗಳು ಖಾಲಿಯಾಗಿ ಕಾಣುವುದು ನಿಂತುಹೋಯಿತು. ಪ್ರತಿಯೊಂದರ ಮೇಲೂ ಇಸ್ತ್ರಿ ಷರಟಿನ ಒಬ್ಬ ಮನುಷ್ಯ ತಲೆ ವಾಲಿಸಿಕೊಂಡು ಕೂತಿರುವ ಹಾಗೆ ಅನ್ನಿಸುತ್ತಿತ್ತು. ಪಕ್ಕದಲ್ಲಿ ಬಿಳಿ ಶೂ ಹಾಕಿಕೊಂಡ ಮಿಸ್, ಭಾಷೆ ಬಾರದ ಊರಲ್ಲಿ, ಯಾರನ್ನು ಕರೆಯಬೇಕು ಎಂದು ಗೊತ್ತಾಗದೆ.

ಒಂದು ಕಡೆ ಮಾತ್ರ ಅವಳ ಜಾಣತನ ನಡೆಯಲಿಲ್ಲ. ಬುಡಾಪೆಸ್ಟಿನ ಸೇತುವೆ. ಅದರ ಮೇಲೆ ಕೂರಲು ಜಾಗವಿಲ್ಲ. ಬಸ್ಸಿನಲ್ಲಿ ದಾಟಬಹುದು ಎಂದು ಸೂಚಿಸಿದರೆ ಮಿಸ್ ಸುತರಾಂ ಒಪ್ಪಲಿಲ್ಲ. “ಡ್ಯಾನ್ಯೂಬ್ ಮೇಲೆ ನಾವಿಬ್ರೂ ನಡೆದೇ ಹೋಗ್ಬೇಕು. ಅದಕ್ಕಲ್ವೇನೇ ಇಷ್ಟೆಲ್ಲಾ?” ಎಂದರು.

ಗಿರಿರಾಜನಿಗೆ ಹೇಳಿಕೊಂಡಾಗ ಅವನು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. “ಊರ ಉಸಾಬರಿ ನಿನಗ್ಯಾಕೆ? ಮನುಷ್ಯ ತಿಳ್ಕೊಂಡೇ ಹೋಗ್ತಾ ಇದಾನೆ. ಹೋಗ್ಲಿ.” ಅನ್ನ ಕಲಸುತ್ತಾ, “ಆದ್ರೆ ಆ ಹೆಂಗಸಿಗೆ ಗೊತ್ತಿಲ್ವಲ್ಲ. ಅದು ತಪ್ಪು,” ಎಂದ.

ಎರಡನೇ ತಾಲೀಮು ಸೇತುವೆಯದು. ಫೆಬ್ರವರಿ ಕೊನೆ. ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ಶುರುಮಾಡಿ ಸೇತುವೆಯಷ್ಟು ದೂರ ಎಲ್ಲೂ ನಿಲ್ಲದೆ ನಡೆಯಬೇಕು ಎಂದು ಮಾತಾಗಿತ್ತು. ವೆಂಕಟಗಿರಿಯವರು ಹೋದ ಸಲಕ್ಕಿಂತ ಬೇಗ ನಿಂತರು. ಈ ಸಲ ರಾಗಿಣಿ ಅವರನ್ನು ನೋಡುವುದು ಬಿಟ್ಟು ಮಿಸ್ ಕಡೆ ನೋಡಿದಳು. ಮಿಸ್ ಹಿಂತಿರುಗಿ ನೋಡಲಿಲ್ಲ. ಅದೇ ಕ್ಷಣಕ್ಕೆ ಅವರೂ ಹೂವಿನವಳ ಮುಂದೆ ನಿಂತಿದ್ದರು. ಮಲ್ಲಿಗೆ ಮೊಳ ಎಷ್ಟು ಎಂದು ಕೇಳಿದರು, ಜಾಸ್ತಿಯಾಯಿತು ಎಂದರು, ಕೊಳ್ಳಲಿಲ್ಲ. ವೆಂಕಟಗಿರಿಯವರು ಹೊರಟ ಕೂಡಲೇ ಅವರೂ ಹೊರಟರು. ಇನ್ನಷ್ಟು ದೂರ ಹೋಗಿ ವೆಂಕಟಗಿರಿಯವರು ಮತ್ತೆ ನಿಂತರೆ, ಇತ್ತ ಮಿಸ್ ಸೊಪ್ಪಿನ ಗಾಡಿಯ ಹತ್ತಿರ ದಂಟಿನ ಸೊಪ್ಪನ್ನು ತಿರುವಿ ಮುರುವಿ ನೋಡುತ್ತಿದ್ದರು. ಅವರು ಹೊರಟರೆ ಇವರೂ ಸೊಪ್ಪು ಬಿಟ್ಟು ಹೊರಡುವರು. ಗಂಡನ ಹೆಜ್ಜೆಯ ಸದ್ದು ನಿಲ್ಲುವುದನ್ನು ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ರಾಗಿಣಿಗೆ ಹೊಳೆಯಿತು. ಅಂಗಡಿ ಚಟ ಎಂದು ಗದರುವುದು, ನೈಟಿ ಎಂದು ಹಂಗಿಸುವುದು ಎಲ್ಲ ತಮಗೆ ಗೊತ್ತಿರುವುದು ಅವರಿಗೆ ತಿಳಿಯದಿರಲಿ ಎಂದೇ.

ಮಾರನೇ ದಿನ ವೆಂಕಟಗಿರಿಯವರು ಬ್ಯಾಂಕಿಗೆ ಹೋದ ಹೊತ್ತು ನೋಡಿಕೊಂಡು ಅವಳು ಬಸವೇಶ್ವರನಗರದ ಮನೆಗೆ ಹೋದಳು. ಮಿಸ್ ಅಡುಗೆಮನೆಯಲ್ಲಿ ಸಾರಿಗೆ ಬೇಳೆ ಕಡೆಯುತ್ತಿದ್ದರು. ರಾಗಿಣಿ ಬಾಗಿಲಲ್ಲೇ ನಿಂತು, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ತಡವರಿಸಿದಳು.

“ಮಿಸ್, ಸಾರ್‌ದು ಆರೋಗ್ಯ...”

“ಗೊತ್ತು ಕಣೇ.” ಕಡೆಗೋಲು ನಿಲ್ಲಲಿಲ್ಲ. “ದೀಪಾವಳಿಯಿಂದ ಗೊತ್ತು. ಷರಟು ಒಗೆಯೋಕೆ ಹಾಕೋವಾಗ ಜೇಬಲ್ಲಿ ಮಾತ್ರೆ ಸಿಕ್ತು. ನಮ್ಮತ್ತೆಗೆ ನಾನೇ ಬಾಯಿ ತೆಗೆಸಿ ಇಡ್ತಿದ್ದ ಮಾತ್ರೆ. ಅದು ನನಗೆ ಮರೆಯೋದುಂಟಾ?”

“ಗೊತ್ತಿದ್ರೂ ಯಾಕೆ ಮಿಸ್ ಸುಮ್ನಿದೀರ?”

ಮಿಸ್ ಕಡೆಗೋಲು ತೊಳೆದಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದರು. ಕ್ಲಾಸಿನಲ್ಲಿ ಕಷ್ಟದ ಪಾಠ ಶುರುಮಾಡುವಾಗ ಹೀಗೇ ನಿಲ್ಲುತ್ತಿದ್ದರು.

“ನನಗೆ ಗೊತ್ತು ಅಂತ ಬಾಯಿ ಬಿಟ್ಟ ತಕ್ಷಣ ಅವರು ರೋಗಿ ಆಗ್ತಾರೆ, ನಾನು ಆಯಾ ಆಗ್ತೀನಿ. ಆ ಮನೆತನದವರನ್ನ ನಾನು ನೋಡಿದೀನಿ, ಒಂದ್ಸಲ ಮಲಗಿದ್ರೆ ಮತ್ತೆ ಏಳಲ್ಲ. ಮಾವ, ಅತ್ತೆ, ಭಾವ. ಮೂರು ಜನರದ್ದೂ ಬಳಿದು ಹಾಕಿದೀನಿ ನಾನು. ಸ್ಕೂಲಿಗೂ ಹೋಗ್ತಾ. ಬೇಜಾರಿಲ್ಲ, ಮಾಡ್ದೆ. ಇವರದ್ದೂ ಮಾಡ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ವಾರ, ನನಗೆ ಗಂಡನ ಜೊತೆ ಇರ್ಬೇಕು. ಇನ್ನೊಬ್ಬ ರೋಗಿ ಜೊತೆ ಅಲ್ಲ.”

“ಅಲ್ಲೇ ಏನಾದ್ರೂ ಆದ್ರೆ?”

“ಆದ್ರೆ ಆಯ್ತು. ನಾನು ಪಕ್ಕದಲ್ಲೇ ಇರ್ತೀನಲ್ಲ.” ಮಿಸ್ ಒಲೆಯ ಉರಿ ಸಣ್ಣಗೆ ಮಾಡಿದರು. “ಅವರು ನನಗೋಸ್ಕರ ಮುಚ್ಚಿಟ್ಕೊಂಡಿದಾರೆ. ಅವರಿಗೋಸ್ಕರ ನಾನು ಮುಚ್ಚಿಟ್ಕೊಂಡಿದೀನಿ. ನೀನು ಮಧ್ಯ ಬಾಯಿ ಹಾಕ್ಬೇಡ.”

ಅದು ಬೇಡಿಕೆಯಲ್ಲ, ಅಪ್ಪಣೆ. ರಾಗಿಣಿ ಮನೆಗೆ ನಡೆದುಕೊಂಡೇ ಬಂದಳು. ಮಿಸ್ ಮೇಲೆ ಸಿಟ್ಟು ಬಂತು, ಅಷ್ಟೇ ಮರುಕವೂ ಬಂತು. ಕೆಟ್ಟ ಹೆಂಗಸಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಇಲ್ಲಿ ಇಬ್ಬರು ಒಳ್ಳೆಯವರು ಒಬ್ಬರ ಮೇಲೊಬ್ಬರಿಗಿದ್ದ ಪ್ರೀತಿಯಿಂದಲೇ ಒಂದು ಸಾವಿನ ಕಡೆ ಕೈ ಕೈ ಹಿಡಿದು ಹೊರಟಿದ್ದರು. ಟಿಕೆಟ್ ಮಾಡಿಸಿಕೊಡುತ್ತಿರುವವಳು ತಾನು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮಿಸ್ ಬದುಕಿನಲ್ಲಿ ಬಯಸಿದ ಒಂದೇ ವಾರ ಹೋಗುತ್ತದೆ. ಹೇಳದಿದ್ದರೆ ಮನುಷ್ಯ ಹೋಗುತ್ತಾನೆ.

ವೀಸಾ ಬರದೇ ಹೋಗಲಿ ಎಂದು ಅವಳು ಮಾರುತಿ ಮಂದಿರದಲ್ಲಿ ಕೈ ಮುಗಿದದ್ದೂ ಆಯಿತು. ಇಂಥ ಬೇಡಿಕೆಯನ್ನು ಆ ದೇವರು ಅವಳ ಬಾಯಿಂದ ಹಿಂದೆ ಕೇಳಿರಲಾರ. ವೀಸಾ ಬಂತು, ಇಬ್ಬರಿಗೂ, ಯಾವ ತಕರಾರೂ ಇಲ್ಲದೆ. ಯುಗಾದಿ ಬಂತು, ಮಿಸ್ ಒಬ್ಬಟ್ಟು ಕಳಿಸಿದರು. ಬೆಂಗಳೂರಿನ ಬಿಸಿಲು ಏರಿತು. ವೆಂಕಟಗಿರಿಯವರು ಫೋನಿನಲ್ಲಿ ಮಾತಾಡುವಾಗ ವಾಕ್ಯದ ನಡುವೆಯೂ ನಿಲ್ಲತೊಡಗಿದ್ದರು. “ಟ್ರೈನಲ್ಲಿ ಕಿಟಕಿ ಪಕ್ಕ...” ಎಂದು ಹೇಳಿ, ಒಂದು ಉಸಿರು ಬಿಟ್ಟು, “...ಅಂಬೂಗೆ ಕೊಡಮ್ಮ,” ಎನ್ನುವರು.

ಹೊರಡಲು ಒಂದು ವಾರವಿದ್ದಾಗ ಇಬ್ಬರೂ ಪ್ಲಾನು ತಿಳಿದುಕೊಳ್ಳಲು ಬಂದರು. ರಾಗಿಣಿ ತಾನೇ ಅವರ ಮನೆಗೆ ಬರುತ್ತೇನೆಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಮಿಸ್ ಮೊದಲು ಬಂದು ಕೂತರು. ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಾಲ್ಕು ಸಲ ಕೇಳಿಸಿತು, ನಿಂತಿತು. ಮತ್ತೆ ಎರಡು ಸಲ, ನಿಂತಿತು. ಮಿಸ್ ಗೋಡೆಯ ಭೂಪಟ ನೋಡುತ್ತಾ ಆ ಹೋಟೆಲಿನಲ್ಲಿ ಬಿಸಿನೀರಿಗೆ ಕೆಟಲ್ ಇರುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಅವರ ದನಿ ಒಂದಿಷ್ಟೂ ಅಲುಗಲಿಲ್ಲ. ಮಡಿಲಲ್ಲಿದ್ದ ಕೈ ಮಾತ್ರ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆದಿತ್ತು. ಕೊನೆಗೆ ವೆಂಕಟಗಿರಿಯವರು ಬಾಗಿಲಿಗೆ ಬಂದು ನಕ್ಕರು. ತುಟಿ ನೇರಳೆ ಹಣ್ಣು ತಿಂದವರಂತಿತ್ತು.

ರಾಗಿಣಿ ಓದತೊಡಗಿದಳು. ಸೋಮವಾರ ವಿಯೆನ್ನಾ ತಲುಪುವುದು, ವಿಶ್ರಾಂತಿ. ಮಂಗಳವಾರ ಟ್ರ್ಯಾಮಿನಲ್ಲಿ ಊರು ಸುತ್ತುವುದು. ಬುಧವಾರ ತೋಟ. ಗುರುವಾರ ಬೆಳಿಗ್ಗೆ ರೈಲು, ಮಧ್ಯಾಹ್ನ ಬುಡಾಪೆಸ್ಟ್. ಇಬ್ಬರೂ ಮಕ್ಕಳ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ವೆಂಕಟಗಿರಿಯವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

“ಗುರುವಾರ ಸಂಜೆ...” ಎಂದಳು ರಾಗಿಣಿ. ಮುಂದಿನ ಸಾಲಿನಲ್ಲಿ ಸೇತುವೆ ಇತ್ತು. ಅವಳು ಹಾಳೆಯಿಂದ ತಲೆಯೆತ್ತಿದಳು.

“ಗುರುವಾರ ಸಂಜೆ?” ಎಂದರು ಮಿಸ್. ಅವರ ಕಣ್ಣು ಅವಳನ್ನು ಸುಮ್ಮನಿರು ಎಂದು ಗದರಿಸುತ್ತಿತ್ತು.

“ನನ್ನ ಕೈಲಿ ಆಗಲ್ಲ ಮಿಸ್. ಸಾರ್, ಮಿಸ್‌ಗೆ ಎಲ್ಲಾ ಗೊತ್ತು. ದೀಪಾವಳಿಯಿಂದ ಗೊತ್ತು. ನೀವಿಬ್ರೂ ಗೊತ್ತಿದ್ದೂ ಗೊತ್ತಿಲ್ದೋರ ಹಾಗೆ ಹೋಗ್ತಿದೀರಿ. ನಾನು ಕಳಿಸಲ್ಲ.”

ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿಕೊಂಡು ಹೋದ. ವೆಂಕಟಗಿರಿಯವರು ಹೆಂಡತಿಯ ಕಡೆ ನಿಧಾನವಾಗಿ ತಿರುಗಿದರು. ಮಿಸ್ ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವರು ಬೇರೆ ಹೆಂಗಸಾಗಿದ್ದರು. ಎದ್ದು ಹೋಗಿ ಗಂಡನ ಕಾಲರಿನ ಗುಂಡಿ ಬಿಚ್ಚಿದರು. ಮಣಿಕಟ್ಟು ಹಿಡಿದು ನಾಡಿ ನೋಡಿದರು. “ಮಾತ್ರೆ ಯಾವ ಜೇಬಲ್ಲಿದೆ? ಬೇಡ, ನೀವು ತೆಗೀಬೇಡಿ, ನಾನು ತೆಗೀತೀನಿ. ಹಿಂದಕ್ಕೆ ಒರಗಿ. ರಾಗಿಣಿ, ಫ್ಯಾನ್ ಜೋರು ಮಾಡು, ಆಟೋ ಬೇಡ, ಕಾರ್ ಕರ್ಸು.” ಅದು ಎಷ್ಟೋ ವರ್ಷ ಪಳಗಿದ ದನಿ. ವೆಂಕಟಗಿರಿಯವರ ಭುಜ ಇಳಿದುಹೋಯಿತು. ಇಷ್ಟು ತಿಂಗಳು ಯಾವ ಬಲದಿಂದ ನೆಟ್ಟಗೆ ನಿಂತಿದ್ದರೋ ಅದು ಅವರನ್ನು ಬಿಟ್ಟಿತು. ಎಲ್ಲರೆದುರು ಎದೆ ಹಿಡಿದುಕೊಂಡು, “ನೋವಾಗ್ತಿದೆ ಅಂಬೂ,” ಎಂದು ಮಗುವಿನಂತೆ ಅತ್ತರು.

ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಅಂದೇ ಸೇರಿಸಿಕೊಂಡರು. ಮೂರು ಕಡೆ ರಕ್ತನಾಳ ಕಟ್ಟಿಕೊಂಡಿತ್ತು. ಬೈಪಾಸ್ ಆಯಿತು, ಬದುಕಿದರು. ವಿಮಾನ ಹತ್ತಿದ್ದರೆ ಹೆಣವೇ ಇಳಿಯುತ್ತಿತ್ತು ಎಂದು ನೆಂಟರೆಲ್ಲ ರಾಗಿಣಿಯನ್ನು ಹೊಗಳಿದರು. ಗಿರಿರಾಜ್ ಕೂಡ ಹೊಗಳಿದ. ಅವಳಿಗೂ ತಾನು ಮಾಡಿದ್ದು ಸರಿ ಎಂದು ಗೊತ್ತಿತ್ತು. ಆದರೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹಣ್ಣು ತೆಗೆದುಕೊಂಡು ಬಸವೇಶ್ವರನಗರಕ್ಕೆ ಹೋದಳು. ಹಾಲ್‌ನಲ್ಲೇ ಮಂಚ ಹಾಕಿದ್ದರು. ವೆಂಕಟಗಿರಿಯವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವಳು ಮಾತಾಡಿಸಿದರೆ ಅರ್ಧ ತಿರುಗಿ, “ಕೆಮ್ಮಿದ್ರೆ ಹೊಲಿಗೆ ಬಿಟ್ಕೊಳ್ಳತ್ತೇನೋ ಅಂತ ಭಯ ಕಣಮ್ಮ,” ಎಂದರು, ಮತ್ತೆ ಗೋಡೆ ನೋಡಿದರು. ಇಸ್ತ್ರಿ ಷರಟಿಲ್ಲ, ನಗುವಿಲ್ಲ. ಮಿಸ್ ಅವಳನ್ನು ಹೊರಗಿನ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು.

“ಡಾಕ್ಟ್ರು ದಿನಾ ನಡೀರಿ, ನಿಮಗೇನೂ ಆಗಿಲ್ಲ ಅಂತಾರೆ. ಇವರು ಬಾತ್‌ರೂಮಿಗೂ ನಾನು ಹಿಡ್ಕೊಂಡ್ರೇನೇ ಏಳೋದು. ರಾತ್ರಿಯೆಲ್ಲಾ ಕರೀತಾರೆ. ಅವರಮ್ಮ ಕರೀತಿದ್ದ ಹಾಗೇ.”

ರಾಗಿಣಿ ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟಳು. “ಸರಿಹೋಗ್ತಾರೆ ಮಿಸ್. ಮುಂದಿನ ವರ್ಷ ಖಂಡಿತಾ...” ಎಂದು ಶುರುಮಾಡಿದಳು.

ಮಿಸ್ ಅವಳನ್ನು ನೋಡಿದ ನೋಟಕ್ಕೆ ಮಾತು ಅಲ್ಲೇ ನಿಂತಿತು. “ನೀನೂ ಅದನ್ನೇ ಹೇಳ್ತೀಯೇನೇ ನನಗೆ?”

ರಾಗಿಣಿ ತಲೆ ತಗ್ಗಿಸಿದಳು. ಅವಳಿಗೆ ಅಳು ಬಂತು. ಮಿಸ್ ಅವಳ ಬೆನ್ನ ಮೇಲೆ ಕೈಯಿಟ್ಟರು. ಬೈಗುಳಕ್ಕಿಂತ ಆ ಕೈ ಭಾರವಾಗಿತ್ತು.

“ಅಳಬೇಡ. ನೀನು ಮಾಡಿದ್ದು ತಪ್ಪಲ್ಲ. ಬಂದೋರೆಲ್ಲಾ ಹೇಳ್ತಾರೆ, ಆ ಹುಡುಗಿಯಿಂದ ಜೀವ ಉಳೀತು ಅಂತ. ಹೌದು, ಉಳೀತು ಕಣೇ.” ಅವರು ಒಂದು ಕ್ಷಣ ಬೀದಿಯ ಕಡೆ ನೋಡಿದರು. “ಅವರದು.”

ಒಳಗಿನಿಂದ “ಅಂಬೂ” ಎಂದು ಕೂಗು ಬಂತು. ಮಿಸ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದರು.